ಕೈ ಹಿಂದಕ್ಕೆ ಯಾಕೆ ಬರಲಿಲ್ಲ?

ಕಬ್ಬಿನ ಹಾಲು ಮಾರುವವನ ಕೈಯನ್ನು ಗಮನಿಸಿ ನೋಡಿ. ಕಬ್ಬಿನ ತುದಿಯನ್ನು ಎರಡು ಉರುಳೆಗಳ ನಡುವೆ ತಾಗಿಸುವುದಷ್ಟೇ ಅವನ ಕೆಲಸ. ಆಮೇಲೆ ಅವನು ನೂಕುವುದಿಲ್ಲ, ಕಬ್ಬು ತಾನಾಗಿಯೇ ಒಳಗೆ ಹೋಗುತ್ತದೆ. ಗೆಣ್ಣು ಬಂದಾಗ ಮಷಿನ್ ಒಮ್ಮೆ ಗುರುಗುಟ್ಟುತ್ತದೆ, ಮರುಗಳಿಗೆ ಅದನ್ನೂ ಅರೆದು ಮುಂದೆ ಸಾಗುತ್ತದೆ. ಅರ್ಧ ಹೋದ ಕಬ್ಬನ್ನು ಹಿಂದಕ್ಕೆ ಎಳೆದುಕೊಳ್ಳುವ ಯೋಚನೆ ಯಾರಿಗೂ ಬರುವುದಿಲ್ಲ. ಅದು ಆಗದ ಮಾತು ಎಂದು ನೋಡಿದವರಿಗೆಲ್ಲ ಗೊತ್ತು.

ಆದರೆ ಮಷಿನ್ನಿಗೆ ಕೈ ಸಿಕ್ಕಿತು ಎಂಬ ಸುದ್ದಿ ಬಂದ ಕೂಡಲೇ ಈ ತಿಳಿವಳಿಕೆ ನಮ್ಮನ್ನು ಬಿಟ್ಟುಹೋಗುತ್ತದೆ. “ಕೈ ಹಿಂದಕ್ಕ ಎಳ್ಕೊಳ್ಳಾಕ ಏನಾಗಿತ್ತು ಅವಂಗ?” ಎನ್ನುತ್ತೇವೆ. “ಜ್ವಾಕಿ ಇರಬೇಕಿತ್ತು” ಎಂದು ಮಾತು ಮುಗಿಸುತ್ತೇವೆ. ಕಬ್ಬು ಹಿಂದಕ್ಕೆ ಬರುವುದಿಲ್ಲವೆಂದು ಒಪ್ಪಿದ ನಾವು ಬೆರಳು ಬರಬೇಕಿತ್ತು ಎನ್ನುವುದೇಕೆ? ಬೆರಳಿಗೆ ಜೀವವಿದೆ, ನೋವಿದೆ, ಎಳೆದುಕೊಳ್ಳುವ ಶಕ್ತಿಯಿದೆ ಎಂದಲ್ಲವೇ? ಈ ಮೂರೂ ಮಷಿನ್ನಿನ ಮುಂದೆ ಯಾಕೆ ಸೋಲುತ್ತವೆ ಎನ್ನುವುದೇ ಈ ಅಧ್ಯಾಯದ ವಿಷಯ.

ವನದುರ್ಗದ ಹತ್ತಿಯ ದಾರಿ

ಅದಕ್ಕೂ ಮುಂಚೆ ಇಷ್ಟೊಂದು ಉರುಳೆಗಳು ಕೈಯ ಹತ್ತಿರ ಬಂದ ಬಗೆಯನ್ನು ನೋಡೋಣ. ಶಹಾಪುರ ತಾಲ್ಲೂಕಿನ ವನದುರ್ಗವನ್ನು ಹೊರಗಿನವರು ಸುರಪುರದ ನಾಯಕರ ಕಾಲದ ಕೋಟೆಯಿಂದ ಗುರುತಿಸುತ್ತಾರೆ. ಇಲ್ಲಿನ ಸೀಮೆಯ ಬೇಸಾಯವನ್ನು ಬದಲಿಸಿದ್ದು ಮಾತ್ರ ಕೃಷ್ಣೆಯ ನೀರು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದ ಮೇಲೆ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಇಳಿಯಿತು. ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತಿದ್ದ ಸೀಮೆಯಲ್ಲಿ ಭತ್ತವೂ ಹತ್ತಿಯೂ ಹಬ್ಬಿದವು.

ಬೆಳೆ ಹೆಚ್ಚಿದಲ್ಲಿ ಅದನ್ನು ಎತ್ತುವ, ಸಾಗಿಸುವ, ಸುರಿಯುವ ಕೆಲಸವೂ ಹೆಚ್ಚುತ್ತದೆ. ಹಂತಿ ಹೊಡೆಯುತ್ತಿದ್ದ ಕಣಕ್ಕೆ ರಾಶಿ ಮಷಿನ್ ಬಂತು. ಅಕ್ಕಿ ಮಿಲ್ಲುಗಳಲ್ಲಿ ಭತ್ತವನ್ನು ಮೇಲಕ್ಕೆ ಒಯ್ಯುವ ಎಲಿವೇಟರ್‌ಗಳು ನಿಂತವು. ಹತ್ತಿ ಮಿಲ್ಲುಗಳಲ್ಲಿ ಒಂದು ಕಾಲಕ್ಕೆ ಹತ್ತಿಯನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು, ಬೀಜ ಬೇರ್ಪಡಿಸುವ ಜಿನ್ನಿಗೆ ಹಾಕುತ್ತಿದ್ದರು. 2000ದಲ್ಲಿ ಕೇಂದ್ರ ಸರ್ಕಾರ ಹತ್ತಿ ತಂತ್ರಜ್ಞಾನ ಮಿಷನ್ ಆರಂಭಿಸಿ ಜಿನ್ನಿಂಗ್ ಮಿಲ್ಲುಗಳ ಆಧುನೀಕರಣಕ್ಕೆ ನೆರವು ಕೊಟ್ಟಿತು. ಆ ಅಲೆಯಲ್ಲಿ ದೇಶದ ಎಷ್ಟೋ ಮಿಲ್ಲುಗಳಲ್ಲಿ ಬುಟ್ಟಿ ಹೋಗಿ ಬೆಲ್ಟ್ ಬಂತು, ಗಾಳಿಕೊಳವೆ ಬಂತು, ಬೀಜ ಸಾಗಿಸಲು ಸ್ಕ್ರೂ ಬಂತು. ಹೀಗೆ ತಲೆಹೊರೆ ಇಳಿಯಿತು. ಅದರ ಜೊತೆಗೇ ಕೈಯ ಸುತ್ತ ತಿರುಗುವ ಉರುಳೆಗಳ ಸಂಖ್ಯೆ ಏರಿತು.

ನುಂಗುಬಾಯಿ

ಎರಡು ಉರುಳೆಗಳು ಎದುರುಬದುರಾಗಿ ತಿರುಗುವ ಜಾಗವನ್ನು ಹತ್ತಿರದಿಂದ ನೋಡೋಣ. ಒಂದು ಬದಿಯಲ್ಲಿ ಅವುಗಳ ಮೈಗಳು ಒಳಮುಖವಾಗಿ ಬಂದು ಕೂಡುತ್ತವೆ, ಇನ್ನೊಂದು ಬದಿಯಲ್ಲಿ ಬೇರೆಯಾಗಿ ಹೊರಮುಖವಾಗಿ ಹೋಗುತ್ತವೆ. ಒಳಮುಖವಾಗಿ ಕೂಡುವ ಬದಿಯನ್ನು ನಾವು ನುಂಗುಬಾಯಿ ಎಂದು ಕರೆಯೋಣ. ಎಂಜಿನಿಯರರು ಅದನ್ನು ನಿಪ್ ಪಾಯಿಂಟ್ ಎನ್ನುತ್ತಾರೆ.

ಈ ಬಾಯಿಗೆ ಒಂದು ವಸ್ತು ತಾಗಿದಾಗ ಉರುಳೆ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ತನ್ನ ಗುಂಡನೆಯ ಮೈಯಿಂದ ವಸ್ತುವನ್ನು ಹೊರಕ್ಕೆ ದಬ್ಬುತ್ತದೆ. ತಿರುಗುವ ಮೈಯ ಒರಟಿನಿಂದ ಅದನ್ನು ಒಳಕ್ಕೆ ಜಗ್ಗುತ್ತದೆ. ಗೆಲ್ಲುವುದು ಯಾವುದು? ವಸ್ತುವಿನ ದಪ್ಪವೇ ಅದನ್ನು ತೀರ್ಮಾನಿಸುತ್ತದೆ. ತೆಂಗಿನಕಾಯಿಯನ್ನು ಕಬ್ಬಿನ ಮಷಿನ್ನಿನ ಬಾಯಿಗೆ ಇಟ್ಟರೆ ಅದು ಉರುಳೆಗಳ ಮೇಲೇ ಕುಣಿಯುತ್ತದೆ. ಅದು ತಾಗುವ ಜಾಗದಲ್ಲಿ ಕೋನ ಅಗಲ, ಹಾಗಾಗಿ ದಬ್ಬುವ ಬಲ ಗೆಲ್ಲುತ್ತದೆ. ವಸ್ತು ತೆಳ್ಳಗಾದಂತೆ ಅದು ಬಾಯಿಯ ಆಳಕ್ಕೆ ಹೋಗಿ ತಾಗುತ್ತದೆ. ಅಲ್ಲಿ ಕೋನ ಕಿರಿದು, ದಬ್ಬುವ ಬಲ ಕಡಿಮೆಯಾಗಿ ಜಗ್ಗುವ ಬಲ ಮೇಲುಗೈ ಸಾಧಿಸುತ್ತದೆ. ಆ ಗೆರೆ ದಾಟಿದ ವಸ್ತುವನ್ನು ಯಾರೂ ನೂಕಬೇಕಿಲ್ಲ.

ಈಗ ಬೆರಳನ್ನು ನೋಡಿ. ತುದಿ ತೆಳು, ಮುಂದೆ ಹೋದಂತೆ ನಿಧಾನವಾಗಿ ದಪ್ಪ. ಚರ್ಮ ಮೆತ್ತಗೆ, ರಬ್ಬರಿಗೆ ಚೆನ್ನಾಗಿ ಅಂಟುತ್ತದೆ, ಒತ್ತಿದರೆ ಚಪ್ಪಟೆಯಾಗುತ್ತದೆ. ನುಂಗುಬಾಯಿಗೆ ಇದಕ್ಕಿಂತ ಹೊಂದುವ ಆಕಾರ ಸಿಗುವುದು ಕಷ್ಟ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಬೆರಳು ಒಳಹೋದಷ್ಟೂ ಉರುಳೆಗಳು ಅದನ್ನು ಹೆಚ್ಚು ಅದುಮುತ್ತವೆ. ಅದುಮಿದಷ್ಟೂ ಹಿಡಿತ ಬಿಗಿಯುತ್ತದೆ, ಹಿಡಿತ ಬಿಗಿದಷ್ಟೂ ಎಳೆತ ಜೋರಾಗುತ್ತದೆ. ಹೊರಕ್ಕೆ ಎಳೆದುಕೊಳ್ಳುವವನು ಕ್ಷಣಕ್ಷಣಕ್ಕೂ ಬಲವಾಗುತ್ತಿರುವ ಎದುರಾಳಿಯೊಡನೆ ಜಗ್ಗಾಡುತ್ತಿರುತ್ತಾನೆ.

ಇದು ಕಾರ್ಖಾನೆಗಳಿಗೆ ಮಾತ್ರ ಸೇರಿದ ಕಥೆಯೂ ಅಲ್ಲ. ಅಮೆರಿಕದ ಮನೆಗಳಲ್ಲಿ ಒಂದು ಕಾಲಕ್ಕೆ ಬಟ್ಟೆ ಒಗೆಯುವ ಯಂತ್ರಕ್ಕೆ ಹಿಂಡುವ ಎರಡು ರಬ್ಬರ್ ಉರುಳೆಗಳಿರುತ್ತಿದ್ದವು. ಮಕ್ಕಳ ಬೆರಳು ಅದಕ್ಕೆ ಸಿಕ್ಕಿ ತೋಳಿನವರೆಗೂ ಹೋಗುತ್ತಿತ್ತು. ದಪ್ಪದ ಜಾಗ ಬಂದು ಮುಂದೆ ಹೋಗದಾದಾಗ ಉರುಳೆಗಳು ನಿಂತಲ್ಲೇ ತಿರುಗುತ್ತ ಚರ್ಮವನ್ನು ಉಜ್ಜಿ ಸುಡುತ್ತಿದ್ದವು. 1938ರಲ್ಲಿ ಮೆಕಲಮ್ ಎಂಬ ವೈದ್ಯ ಇಂಥ ಗಾಯಗಳನ್ನು ಒಟ್ಟುಗೂಡಿಸಿ ‘ರಿಂಗರ್ ಆರ್ಮ್’ ಎಂಬ ಹೆಸರಿನಡಿ ವೈದ್ಯಪತ್ರಿಕೆಯಲ್ಲಿ ವಿವರಿಸಿದರು. ಹೊರಗಿನ ಚರ್ಮಕ್ಕಿಂತ ಒಳಗಿನ ಸ್ನಾಯು, ರಕ್ತನಾಳಗಳಿಗೆ ಹೆಚ್ಚು ಪೆಟ್ಟಾಗಿರಬಹುದು ಎಂಬ ಎಚ್ಚರವನ್ನು ಇಂಥ ಗಾಯಗಳೇ ವೈದ್ಯರಿಗೆ ಕಲಿಸಿದವು.

ಬೆಲ್ಟಿನ ಕೆಳತುದಿ

ಹತ್ತಿ ಸಾಗಿಸುವ ಬೆಲ್ಟಿಗೆ ಎರಡು ತುದಿಗಳಲ್ಲಿ ಎರಡು ಡ್ರಮ್ಮುಗಳು. ಪ್ರತಿ ಡ್ರಮ್ಮಿನಲ್ಲೂ ಬೆಲ್ಟು ಒಂದು ಕಡೆ ಡ್ರಮ್ಮನ್ನು ಕೂಡುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಕೂಡುವ ಕಡೆ ನುಂಗುಬಾಯಿ. ಸರಕು ಬೀಳುವ ಮೇಲ್ತುದಿಯಲ್ಲಿ ಈ ಬಾಯಿ ಮೇಲ್ಗಡೆ ಇರುತ್ತದೆ, ಸಾಮಾನ್ಯವಾಗಿ ತಗಡಿನ ಮುಚ್ಚಳದ ಒಳಗಿರುತ್ತದೆ. ಸರಕು ತುಂಬುವ ಕೆಳತುದಿಯಲ್ಲಿ ಅದು ಡ್ರಮ್ಮಿನ ಅಡಿಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ.

ಕೈ ಹೋಗುವುದೂ ಅಲ್ಲಿಗೇ. ಮೇಲಿಂದ ಉದುರಿದ ಹತ್ತಿ, ಧೂಳು, ಎಲೆಚೂರು ಹಿಂದಿರುಗುವ ಬೆಲ್ಟಿನ ಮೇಲೆ ಬಿದ್ದು ಕೆಳ ಡ್ರಮ್ಮಿನತ್ತ ಸಾಗುತ್ತದೆ. ಬೆಲ್ಟಿಗೂ ಡ್ರಮ್ಮಿಗೂ ನಡುವೆ ಸಿಕ್ಕಿ ಡ್ರಮ್ಮಿನ ಮೈಗೆ ಹೆಪ್ಪುಗಟ್ಟುತ್ತದೆ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆದ ಕೂಡಲೇ ಬೆಲ್ಟು ಪಕ್ಕಕ್ಕೆ ಸರಿಯತೊಡಗುತ್ತದೆ, ಚೌಕಟ್ಟಿಗೆ ಉಜ್ಜುತ್ತದೆ. ನಿಲ್ಲಿಸಿ ಕೆರೆದರೆ ಹಿಂದೆ ಜಿನ್ನುಗಳು ಖಾಲಿ ಓಡುತ್ತವೆ, ಮುಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಓಡುತ್ತಿರುವಾಗ ಕೆರೆದರೆ ಡ್ರಮ್ಮು ತಾನೇ ತಿರುಗಿ ತಿರುಗಿ ಎಲ್ಲ ಕಡೆಯೂ ಎದುರಿಗೆ ಬರುತ್ತದೆ, ಕೆಲಸ ಅರ್ಧ ನಿಮಿಷದ್ದು. ಹಾಗಾಗಿ ಒಂದು ಸಲಾಕೆಯೋ ಕಟ್ಟಿಗೆಯೋ ಅಡಿಗೆ ಹೋಗುತ್ತದೆ. ಬೆಲ್ಟು ಸಲಾಕೆಯನ್ನು ಸೆಳೆಯುತ್ತದೆ, ಹಿಡಿದ ಮುಷ್ಟಿ ಅದನ್ನು ಬಿಡುವ ಮುಂಚೆಯೇ ಬಾಯಿಯ ಬಳಿಗೆ ಹೋಗಿರುತ್ತದೆ.

ಇಲ್ಲಿ ಕೆಲಸಗಾರ ಮೈಮರೆತಿದ್ದಾನೆಯೇ? ಇಲ್ಲ. ಅವನ ಪೂರ್ತಿ ಗಮನ ಆ ಡ್ರಮ್ಮಿನ ಮೇಲೇ ಇದೆ. ಅಂದರೆ ಗಮನವೊಂದೇ ಸಾಲದು.

ನೋವು ಮುಟ್ಟುವ ಹೊತ್ತಿಗೆ

ಬಿಸಿ ತವೆ ಮುಟ್ಟಿದರೆ ಕೈ ತಾನೇ ಹಿಂದಕ್ಕೆ ಹಾರುತ್ತದಲ್ಲ, ಇಲ್ಲೇಕೆ ಹಾರುವುದಿಲ್ಲ ಎಂದು ಕೇಳಬಹುದು.

ಕಾಲದ ಲೆಕ್ಕ ಹಾಕಿ ನೋಡೋಣ. ಸ್ಪರ್ಶದ ಸುದ್ದಿಯನ್ನು ಒಯ್ಯುವ ನರತಂತುಗಳು ವೇಗದವು, ಸೆಕೆಂಡಿಗೆ ಸುಮಾರು 50 ಮೀಟರ್. ಬೆರಳಿನಿಂದ ಮಿದುಳಿಗೆ ಒಂದು ಮೀಟರಿನಷ್ಟು ದಾರಿ, ಸುದ್ದಿ ಹೋಗಲು ಸೆಕೆಂಡಿನ ನೂರರಲ್ಲಿ ಎರಡು ಭಾಗ ಸಾಕು. ಹೊತ್ತು ಹಿಡಿಯುವುದು ಆಮೇಲಿನ ಕೆಲಸಕ್ಕೆ. ಏನಾಯಿತೆಂದು ತಿಳಿಯಬೇಕು, ಅಪ್ಪಣೆ ಹೊರಡಬೇಕು, ತೋಳಿನ ಸ್ನಾಯು ಬಿಗಿಯಬೇಕು. ಅನಿರೀಕ್ಷಿತ ಘಟನೆಗೆ ಕಾಲು ಸೆಕೆಂಡು ಎಂದರೂ ಅದು ಚುರುಕಾದ ಮನುಷ್ಯನ ಲೆಕ್ಕ. ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯೇ ನಡೆಸುವ ಪ್ರತಿವರ್ತನಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬೇಕು. ಉರಿಯುವ ನೋವನ್ನು ಒಯ್ಯುವ ತಂತುಗಳಂತೂ ಬಹಳ ನಿಧಾನ, ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಪೆಟ್ಟಾಗಿ ಒಂದು ಕ್ಷಣ ಕಳೆದ ಮೇಲೆ ಉರಿ ಏಳುವುದು ಅದಕ್ಕೇ.

ಬೆಲ್ಟು ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತಿದೆ ಎಂದುಕೊಳ್ಳಿ, ಅದು ಅಂಥ ದೊಡ್ಡ ವೇಗವೇನಲ್ಲ. ಪ್ರತಿವರ್ತನದ ಹತ್ತನೇ ಒಂದು ಸೆಕೆಂಡಿನಲ್ಲಿ ಅದು 15 ಸೆಂ.ಮೀ. ಸಾಗುತ್ತದೆ, ಕೈ ಹೆಚ್ಚುಕಡಿಮೆ ಮಣಿಕಟ್ಟಿನವರೆಗೆ ಒಳಗೆ. ಕಾಲು ಸೆಕೆಂಡಿಗೆ ಸುಮಾರು 37 ಸೆಂ.ಮೀ., ಮೊಣಕೈ ಹತ್ತಿರವಾಯಿತು. ಕೂಗು ಕೇಳಿ ಇನ್ನೊಬ್ಬ ಓಡಿ ಬಂದು ಸ್ವಿಚ್ಚು ಒತ್ತಲು ಎರಡು ಸೆಕೆಂಡು ಹಿಡಿದರೆ 3 ಮೀಟರ್. ಮೋಟಾರಿನ ಪುಲ್ಲಿಯ ಬಳಿ ಪರಿಸ್ಥಿತಿ ಇನ್ನೂ ಕಠಿಣ. ನಮ್ಮ ಸಾಮಾನ್ಯ ಮೋಟಾರುಗಳು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತವೆ. ಅದಕ್ಕೆ 10 ಸೆಂ.ಮೀ. ಅಗಲದ ಪುಲ್ಲಿ ಹಾಕಿದರೆ ಬೆಲ್ಟಿನ ವೇಗ ಸೆಕೆಂಡಿಗೆ ಏಳೂವರೆ ಮೀಟರ್. ಅಲ್ಲಿ ಪ್ರತಿವರ್ತನ ಶುರುವಾಗುವ ಮುಂಚೆಯೇ ಬೆರಳು ಹೋಗಿರುತ್ತದೆ.

ತವೆಯ ಮುಂದೆ ನಮ್ಮ ನರಗಳು ಗೆಲ್ಲುವುದು ಅವು ವೇಗವಾಗಿವೆ ಎಂದಲ್ಲ. ತವೆ ಕೈಯನ್ನು ಹಿಡಿದುಕೊಳ್ಳುವುದಿಲ್ಲ, ಅಷ್ಟೇ.

ನಿಧಾನದ ಮಷಿನ್ ಸಾಧುವಲ್ಲ

ಹಾಗಾದರೆ ನಿಧಾನ ತಿರುಗುವ ಮಷಿನ್ ವಾಸಿಯೇ? ಬೀಜ ಸಾಗಿಸುವ ಸ್ಕ್ರೂ ಮೆಲ್ಲಗೆ ಸುತ್ತುವುದನ್ನು ನೋಡಿದರೆ ಹಾಗೇ ಅನ್ನಿಸುತ್ತದೆ. ನಡುವೆ ಕೈ ಹಾಕಿ ಒಂದು ಹಿಡಿ ಕಸ ತೆಗೆಯಬಹುದು ಎಂಬ ಧೈರ್ಯ ಬರುತ್ತದೆ.

ಆ ಧೈರ್ಯ ಸುಳ್ಳು, ಬಲದ ಲೆಕ್ಕ ಹಾಕಿ ನೋಡಿ. ಐದು ಎಚ್‌ಪಿ ಮೋಟಾರು ನಮ್ಮ ರೈತರಿಗೆಲ್ಲ ಪರಿಚಿತ. ಅದರ ಶಕ್ತಿ ಸೆಕೆಂಡಿಗೆ ಒಂದೂವರೆ ಮೀಟರ್ ಓಡುವ ಬೆಲ್ಟಿಗೆ ಪೂರ್ತಿ ಸಂದರೆ ಎಳೆತ ಸುಮಾರು 250 ಕಿಲೋ ತೂಕಕ್ಕೆ ಸಮ, ಅಂದರೆ ಎರಡೂವರೆ ಕ್ವಿಂಟಲ್. ಅದೇ ಮೋಟಾರಿಗೆ ಗೇರು ಹಾಕಿ ವೇಗವನ್ನು ಅರ್ಧ ಮೀಟರಿಗೆ ಇಳಿಸಿದರೆ ಎಳೆತ ಮೂರು ಪಟ್ಟಾಗಿ ಏಳೂವರೆ ಕ್ವಿಂಟಲ್ ಆಗುತ್ತದೆ. ವೇಗ ಇಳಿಸಿದಷ್ಟೂ ಬಲ ಏರುತ್ತದೆ, ಗೇರು ಇರುವುದೇ ಅದಕ್ಕೆ. ಜೊತೆಗೆ ಮೋಟಾರಿಗೆ ಅಡ್ಡಿ ಎದುರಾದಾಗ ಅದು ಸುಮ್ಮನೆ ನಿಂತುಬಿಡುವುದಿಲ್ಲ. ನಿಲ್ಲುವ ಮುಂಚೆ ಕೆಲ ಕ್ಷಣ ತನ್ನ ಮಾಮೂಲಿ ತಿರುಚುಬಲದ ಎರಡು ಪಟ್ಟಿನವರೆಗೂ ಹಾಕುತ್ತದೆ. ಕ್ವಿಂಟಲ್ ಚೀಲ ಬೆನ್ನಿಗೇರಿಸುವ ಹಮಾಲನ ತೋಳೂ ಇದಕ್ಕೆ ಲೆಕ್ಕವಿಲ್ಲ. ಮೂಳೆ ಮುರಿದದ್ದು ಮೋಟಾರಿಗೆ ಗೊತ್ತೇ ಆಗುವುದಿಲ್ಲ.

ಸ್ಕ್ರೂವಿನಲ್ಲಿ ಸುತ್ತುವ ಅಲಗು ತಾನು ಕೂತ ದೋಣಿಯ ಅಂಚನ್ನು ಹಾಯುವಾಗ ನುಂಗುವುದರ ಜೊತೆ ಕತ್ತರಿಸುವ ಕೆಲಸವೂ ಸೇರುತ್ತದೆ. ಅದಕ್ಕೇ ಸ್ಕ್ರೂವಿನ ಮೇಲಿನ ತಗಡನ್ನು ಬೋಲ್ಟು ಹಾಕಿ ಕೂರಿಸಬೇಕು, ಸುಮ್ಮನೆ ಹೊದಿಸಿಟ್ಟರೆ ಸಾಲದು.

ಸೆರಗು, ಟವಲ್, ಗ್ಲೌಸ್

ನುಂಗಲು ಒಂದನ್ನೊಂದು ಕೂಡುವ ಎರಡು ಮೈ ಬೇಕು. ಸುತ್ತಿಕೊಳ್ಳಲು ಒಂದೇ ಶಾಫ್ಟ್ ಸಾಕು. ಟ್ರ್ಯಾಕ್ಟರಿನಿಂದ ರಾಶಿ ಮಷಿನ್ನಿಗೆ ಹೋಗುವ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9. ಶಾಫ್ಟ್ 6 ಸೆಂ.ಮೀ. ದಪ್ಪವಿದ್ದರೆ ಒಂದು ಮೀಟರ್ ಸೆರಗು ಸುತ್ತಿಕೊಳ್ಳಲು ಒಂದು ಸೆಕೆಂಡೂ ಬೇಡ. ಬಟ್ಟೆಯ ಅಂಚು ಒಂದು ಬೋಲ್ಟಿಗೋ ಕೀಲಿಗೋ ತಗುಲಿದರೆ ಮೊದಲ ಸುತ್ತು ಬೀಳುತ್ತದೆ. ಎರಡನೆಯ ಸುತ್ತು ಮೊದಲನೆಯದರ ಮೇಲೆ ಕುಳಿತು ಅದನ್ನು ಅದುಮುತ್ತದೆ. ಹಿಡಿತ ಇಲ್ಲೂ ತನ್ನಷ್ಟಕ್ಕೆ ಬಿಗಿಯುತ್ತದೆ. ಕೊರಳಿಗೆ ಸುತ್ತಿದ ಟವಲ್, ತೂಗುವ ಸೆರಗು, ಇಳಿಬಿಟ್ಟ ಜಡೆ, ಸಡಿಲ ತೋಳು ಎಲ್ಲಕ್ಕೂ ಇದೇ ಗತಿ.

ಗ್ಲೌಸ್ ಹಾಕಿದರೆ ಕೈ ಉಳಿಯುತ್ತದೆಂಬ ನಂಬಿಕೆಯೂ ಇಲ್ಲಿ ತಲೆಕೆಳಗು. ಹತ್ತಿ ಬೇಲಿನ ಕಂಬಿ ಎತ್ತುವಾಗ, ಚೀಲ ಸಾಗಿಸುವಾಗ ಗ್ಲೌಸ್ ಒಳ್ಳೆಯದೇ. ತಿರುಗುವ ಭಾಗದ ಬಳಿ ಅದು ಚರ್ಮಕ್ಕಿಂತ ಮುಂಚೆ ಸಿಕ್ಕಿಕೊಳ್ಳುತ್ತದೆ, ಹರಿಯುವುದೂ ಇಲ್ಲ. ಉಂಗುರವೂ ಹಾಗೇ. ಬೆರಳು ಹೇಗೋ ಹೊರಬಂದರೂ ಚರ್ಮ ಸುಲಿದು ಒಳಗೇ ಉಳಿಯಬಹುದು.

ಸ್ವಿಚ್ಚು ಆರಿಸಿದ ಮೇಲೆ

ಮಷಿನ್ ಆರಿಸಿಯೇ ಕೈ ಹಾಕಿದೆ ಎನ್ನುವವರಿಗೂ ಗಾಯವಾಗುತ್ತದೆ. ಇದಕ್ಕೆ ಮೂರು ಕಾರಣ.

ಮೊದಲನೆಯದು ಜಡತ್ವ. ರಾಶಿ ಮಷಿನ್ನಿನ ಡ್ರಮ್ಮು, ಮೇವು ಕತ್ತರಿಸುವ ಯಂತ್ರದ ಚಕ್ರ ಕರೆಂಟು ಹೋದ ಮೇಲೂ ಸುತ್ತುತ್ತಲೇ ಇರುತ್ತವೆ. ಮೋಟಾರಿನ ಸದ್ದು ನಿಂತಿದ್ದರಿಂದ ಮಷಿನ್ ನಿಂತಿತೆಂದು ಕಿವಿ ಹೇಳುತ್ತದೆ. ಅದು ತಪ್ಪು ಸುದ್ದಿ.

ಎರಡನೆಯದು ಕರೆಂಟಿನ ಮರಳುವಿಕೆ. ಕರೆಂಟು ಹೋದಾಗ ‘ಹೇಗೂ ನಿಂತಿದೆ, ಸಿಕ್ಕಿದ್ದನ್ನು ತೆಗೆದುಬಿಡೋಣ’ ಎಂದು ಕೈ ಹಾಕುವುದು ಸಹಜ. ಸರಿಯಾದ ಸ್ಟಾರ್ಟರಿನಲ್ಲಿ ಕರೆಂಟು ಹೋದ ಕೂಡಲೇ ಸಂಪರ್ಕ ಕಳಚುವ ವ್ಯವಸ್ಥೆ ಇರುತ್ತದೆ. ಮತ್ತೆ ಯಾರಾದರೂ ಒತ್ತಿದರೆ ಮಾತ್ರ ಚಾಲೂ. ಪಂಪ್‌ಸೆಟ್ಟಿಗೆಂದು ಮಾಡಿದ ಆಟೋ ಸ್ಟಾರ್ಟರನ್ನೇ ಇಂಥ ಮಷಿನ್ನಿಗೂ ಹಾಕಿದರೆ ಕರೆಂಟು ಬಂದ ಕ್ಷಣ ಅದು ತಾನೇ ತಿರುಗುತ್ತದೆ.

ಮೂರನೆಯದು ಬಿಗಿತ. ಏನೋ ಸಿಕ್ಕಿ ನಿಂತ ಬೆಲ್ಟಿನಲ್ಲಿ ಎಳೆತ ಹಾಗೇ ಕೂತಿರುತ್ತದೆ. ಅಡ್ಡಿಯನ್ನು ಕಿತ್ತ ಕೂಡಲೇ ಬೆಲ್ಟು ಒಂದು ಗೇಣು ಹಾರುತ್ತದೆ. ನುಂಗಲು ಒಂದು ಗೇಣು ಸಾಕು.

ಮೇನ್ ಆರಿಸಿ, ಫ್ಯೂಸು ಕಿತ್ತು, ಕೈ ಹಾಕುವವನೇ ಅದನ್ನು ಜೇಬಿಗೆ ಹಾಕಿಕೊಳ್ಳುವ ಹಳೆಯ ರೂಢಿ ಎರಡನೆಯ ಕಾರಣವನ್ನು ತೊಡೆಯುತ್ತದೆ. ಉಳಿದ ಎರಡಕ್ಕೆ ಡ್ರಮ್ಮು ನಿಲ್ಲುವವರೆಗೆ ಕಾಯಬೇಕು, ಬೆಲ್ಟಿನ ಬಿಗಿ ಸಡಿಲಿಸಬೇಕು.

ಸಿಕ್ಕಿಬಿಟ್ಟರೆ

ಮೊದಲು ಕರೆಂಟು ತೆಗೆಯಿರಿ. ಮಷಿನ್ನನ್ನು ಹಿಂದುಮುಂದಾಗಿ ಓಡಿಸಿ ಕೈ ಬಿಡಿಸಲು ಹೋಗಬೇಡಿ, ಬಂದ ದಾರಿಯಲ್ಲೇ ಇನ್ನೊಮ್ಮೆ ಅರೆದಂತಾಗುತ್ತದೆ. ಬೋಲ್ಟು ಬಿಚ್ಚಿ ಉರುಳೆಗಳನ್ನು ಅಗಲಿಸಿ. ರಕ್ತ ಸುರಿಯುವ ಜಾಗವನ್ನು ಶುಚಿ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಪೂರ್ತಿ ತುಂಡಾದ ಹೆಬ್ಬೆರಳನ್ನು ಮತ್ತೆ ಕೂಡಿಸಿ ತೋರಿಸಿದ ಮೇಲೆ ಈ ಶಸ್ತ್ರಚಿಕಿತ್ಸೆ ಬಹಳ ಮುಂದುವರಿದಿದೆ. ಆದರೂ ಚೂಪಾಗಿ ಕತ್ತರಿಸಿದ ಬೆರಳು ಕೂಡಿದಷ್ಟು ಸುಲಭವಾಗಿ ಅರೆದು ಹರಿದ ಬೆರಳು ಕೂಡುವುದಿಲ್ಲ. ನುಂಗುಬಾಯಿ ಮಾಡುವುದು ಎರಡನೆಯದನ್ನು.

ಕೆಲಸಗಾರರ ಪರಿಹಾರದ 1923ರ ಕಾಯ್ದೆಯ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ಬೆಲೆ ಕಟ್ಟಿತ್ತು. ದುಡಿಯುವ ಶಕ್ತಿಯ ನಷ್ಟ ಹೆಬ್ಬೆರಳಿಗೆ 30 ಪ್ರತಿಶತ, ಪೂರ್ತಿ ತೋರುಬೆರಳಿಗೆ 14, ಕಿರುಬೆರಳಿಗೆ 7, ಒಂದು ಕೈಯ ನಾಲ್ಕೂ ಬೆರಳುಗಳಿಗೆ 50. ಹೆಬ್ಬೆರಳಿಗೆ ಇಷ್ಟು ತೂಕ ಏಕೆಂದರೆ, ಉಳಿದ ನಾಲ್ಕರ ಎದುರಿಗೆ ಬಂದು ಹಿಡಿಯುವುದು ಅದೊಂದೇ.

ತೊಂಬತ್ತು ಸೆಂಟಿಮೀಟರಿನ ಉತ್ತರ

1970ರ ದಶಕದಲ್ಲಿ ಉತ್ತರ ಭಾರತದ ಗೋಧಿ ಸೀಮೆಗೆ ರಾಶಿ ಮಷಿನ್‌ಗಳು ನುಗ್ಗಿದಾಗ ಪೈರು ಊಡುವವರ ಕೈಗಳು ಹೋಗತೊಡಗಿದವು. ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ಭಾರತೀಯ ಮಾನಕ ಸಂಸ್ಥೆಯ ನಿಯಮ ಪೈರು ಊಡುವ ದೋಣಿಗೆ ಅಳತೆ ಕೊಟ್ಟಿತು. ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕು, ಡ್ರಮ್ಮಿನ ಕಡೆಯ 45 ಸೆಂ.ಮೀ. ಮೇಲಿನಿಂದ ಮುಚ್ಚಿರಬೇಕು.

ಈ 90 ಎಲ್ಲಿಂದ ಬಂತೆಂದು ತಿಳಿಯಲು ನಿಮ್ಮ ತೋಳನ್ನು ಅಳೆದು ನೋಡಿ. ಭುಜದಿಂದ ಬೆರಳ ತುದಿಯವರೆಗೆ ಅದಕ್ಕಿಂತ ಕಡಿಮೆಯೇ ಬರುತ್ತದೆ. ಅಂತರರಾಷ್ಟ್ರೀಯ ಮಾನದಂಡವೂ ಇದೇ ಹಾದಿಯದು. ತೋಳು ತೂರುವಷ್ಟು ಕಂಡಿ ಇದ್ದರೆ ಅಪಾಯದ ಜಾಗ ಅದರಿಂದ 85 ಸೆಂ.ಮೀ. ಆಚೆ ಇರಬೇಕು ಎನ್ನುತ್ತದೆ. ಇಲ್ಲಿ ಯಾರ ಜಾಣತನವನ್ನೂ, ನಿದ್ದೆಗೆಟ್ಟ ಕಣ್ಣನ್ನೂ, ನರಗಳ ವೇಗವನ್ನೂ ನಂಬಿಲ್ಲ. ನಂಬಿದ್ದು ಅಳತೆಯನ್ನು ಮಾತ್ರ. ದೋಣಿ ಗಿಡ್ಡವಿದ್ದರೆ ಪೈರು ಬೇಗ ಹೋಗುತ್ತದೆಂದು ಅದನ್ನು ಕತ್ತರಿಸಿದವರು ಕಿತ್ತುಹಾಕಿದ್ದು ಆ ಅಳತೆಯನ್ನೇ.

1948ರ ಕಾರ್ಖಾನೆ ಕಾಯ್ದೆಯೂ ಈ ದಾರಿಯಲ್ಲೇ ಯೋಚಿಸಿತ್ತು. ಅದರ 21ನೇ ಕಲಂ ತಿರುಗುವ ಭಾಗಗಳಿಗೆ ಭದ್ರ ಬೇಲಿ ಹಾಕಲು ಹೇಳಿತು. 22ನೆಯದು ಓಡುವ ಮಷಿನ್ನಿನ ಬಳಿ ತರಬೇತಾದವರು ಮೈಗಂಟುವ ಬಟ್ಟೆ ತೊಟ್ಟೇ ಕೆಲಸ ಮಾಡಬೇಕೆಂದಿತು. 27ನೆಯದಂತೂ ಹತ್ತಿಗೇ ಮೀಸಲು. ಹತ್ತಿ ಬಿಡಿಸುವ ಯಂತ್ರ ಓಡುವ ಕಡೆ ಹೆಂಗಸರು, ಮಕ್ಕಳನ್ನು ದುಡಿಸಬಾರದೆಂದು ಹೇಳಿ, ಚಾವಣಿಯವರೆಗಿನ ಅಡ್ಡಗೋಡೆಯಿದ್ದರೆ ಮಾತ್ರ ವಿನಾಯಿತಿ ಕೊಟ್ಟಿತು. ಅಲ್ಲೂ ಕಾಯುವುದು ಗೋಡೆಯೇ.

ನಿಮ್ಮ ಕಣದಲ್ಲೋ ಮಿಲ್ಲಿನಲ್ಲೋ ಇರುವ ಮಷಿನ್ನನ್ನು ಈ ಲೆಕ್ಕಕ್ಕೆ ಹಚ್ಚಿ ನೋಡುವುದು ಕಷ್ಟವಲ್ಲ. ಮೇನ್ ಆರಿಸಿ, ಫ್ಯೂಸು ಜೇಬಿನಲ್ಲಿಟ್ಟುಕೊಂಡು, ಎಲ್ಲ ಚಕ್ರಗಳು ನಿಂತ ಮೇಲೆ ಒಂದು ಸುಣ್ಣದಕಡ್ಡಿ ಹಿಡಿದು ಸುತ್ತು ಬನ್ನಿ. ಬೆಲ್ಟು ಡ್ರಮ್ಮನ್ನು ಕೂಡುವ, ಉರುಳೆ ಉರುಳೆಯನ್ನು ಕೂಡುವ, ಸ್ಕ್ರೂ ಅಂಚನ್ನು ಹಾಯುವ ಜಾಗಗಳಿಗೆಲ್ಲ ಗುರುತು ಹಾಕಿ. ಆಮೇಲೆ ಮುಚ್ಚಳಗಳೆಲ್ಲ ಇದ್ದಲ್ಲೇ ಇರುವಾಗ ಪ್ರತಿ ಕಂಡಿಯಲ್ಲೂ ತೋಳು ಚಾಚಿ ನೋಡಿ. ಬೆರಳಿಗೆ ಸುಣ್ಣ ಮೆತ್ತಿದರೆ ಅಲ್ಲಿಗೆ ಇನ್ನೂ ತಗಡು ಬೇಕು. ಜ್ವಾಕಿ ಎನ್ನುವುದನ್ನು ಆ ತಗಡು ಹೊಡೆಸುವುದರಲ್ಲಿ ತೋರಿಸಿದರೆ ಮುಂದಿನ ಇಡೀ ಸುಗ್ಗಿಗೆ ಅದು ಒದಗುತ್ತದೆ.